ಅಳಿಯ ತಂದ ಮಣ್ಣು

ರುದ್ರೇಶನ ಅವತ್ತಿನ ಅವಾಂತರಕ್ಕೆಲ್ಲ ಕಾರಣ ಬರೀ ಐದು ಕೆಜಿ ಮಣ್ಣು. ಚಿನ್ನವಲ್ಲ, ಬೆಳ್ಳಿಯಲ್ಲ, ಗೊಬ್ಬರವೂ ಅಲ್ಲ. ಕಾಲಿಗೆ ಅಂಟಿದರೆ ಹೊಸಿಲಾಚೆ ಒರೆಸಿ ಒಳಗೆ ಬರುತ್ತೇವಲ್ಲ, ಆ ಮಣ್ಣು.

ತೊಂಬತ್ತೆಂಟನೇ ಇಸವಿಯ ಆಗಸ್ಟ್ ತಿಂಗಳು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುವವರು ಆಗಿನ್ನೂ ಇದ್ದರು. ಓಣಿಯಲ್ಲಿ ಅರ್ಧ ಜನ ಕಾರ್ಖಾನೆಗೆ ಹೋಗುವವರು, ಇನ್ನರ್ಧ ಊರಾಚೆ ಚಾನಲ್ ಕೆಳಗೆ ಒಂದೆಕರೆ ಎರಡೆಕರೆ ಗದ್ದೆ ಇಟ್ಟುಕೊಂಡವರು. ಒಬ್ಬ ಶಿವಮೊಗ್ಗಕ್ಕೆ ಹೊರಟನೆಂದರೆ ಇಡೀ ಓಣಿ ಅವನ ಹೆಗಲ ಮೇಲೆ ಕೂತು ಹೊರಡುತ್ತಿತ್ತು. ಒಬ್ಬರಿಗೆ ಕನ್ನಡಕದ ಕಡ್ಡಿ, ಒಬ್ಬರಿಗೆ ಪ್ರೆಶರ್ ಕುಕ್ಕರಿನ ರಬ್ಬರು, ಇನ್ನೊಬ್ಬರಿಗೆ ಮಗಳ ಮನೆಗೆ ಒಂದು ಡಬ್ಬಿ ಉಪ್ಪಿನಕಾಯಿ. ಈಗ ಎಲ್ಲರ ಮನೆ ಮುಂದೂ ಬೈಕು ನಿಂತಿದೆ, ಯಾರೂ ಯಾರಿಗೂ ಒಂದು ಸೂಜಿ ತರುವುದಿಲ್ಲ. ಆಗ ಬಸ್ಸು ಹತ್ತುವವನ ಕೈಚೀಲದಲ್ಲಿ ಅವನದು ಅನ್ನುವುದೇ ಏನೂ ಇರುತ್ತಿರಲಿಲ್ಲ.

ಆ ವರ್ಷ ಸರ್ಕಾರಕ್ಕೆ ಸಣ್ಣ ರೈತರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ‘ಮನೆಗೊಂದು ಮಣ್ಣಿನ ಕಾರ್ಡು’ ಅಂತ ಒಂದು ಯೋಜನೆ. ಮನೆಮಂದಿಯೇ ಗೇಯುವ, ಐದೆಕರೆ ಒಳಗಿನ ಗದ್ದೆಯವರು ತಮ್ಮ ಮಣ್ಣನ್ನು ಪರೀಕ್ಷೆಗೆ ಕೊಡಬೇಕು. ಮಣ್ಣಿನಲ್ಲಿ ಏನಿದೆ, ಏನಿಲ್ಲ ಅಂತ ಬರೆದು ಕಾರ್ಡು ಕಳಿಸುತ್ತಾರೆ. ಕಾರ್ಡು ತೋರಿಸಿದರೆ ಬೀಜ, ಗೊಬ್ಬರ, ಔಷಧಿ ಹೊಡೆಯುವ ಪಂಪು ಎಲ್ಲ ಅರ್ಧ ಬೆಲೆಗೆ. ಮಣ್ಣು ತೆಗೆಯುವುದಕ್ಕೂ ಒಂದು ಶಾಸ್ತ್ರವಿತ್ತು. ಗದ್ದೆಯ ಐದಾರು ಕಡೆ ಗೇಣುದ್ದ ಅಗೆದು, ಎಲ್ಲ ಕಲೆಸಿ, ಅರ್ಧ ಕೆಜಿ ಬಟ್ಟೆ ಚೀಲದಲ್ಲಿ ಕಟ್ಟಿ, ಒಳಗೆ ಹೆಸರು ಮತ್ತು ಸರ್ವೆ ನಂಬರಿನ ಚೀಟಿ ಇಡಬೇಕು. ಶಿವಮೊಗ್ಗದಲ್ಲಿ ಯಾವುದೋ ಗೋದಾಮಿನ ಪಕ್ಕದ ಎರಡು ಕೋಣೆಯಲ್ಲಿ ಕ್ಯಾಂಪು ಹಾಕಿದ್ದರು. ಕಡೇ ದಿನ ಮಂಗಳವಾರ, ಸಂಜೆ ಐದು ಗಂಟೆ.

ಓಣಿಯ ದೊಡ್ಡ ಕುಳ ಷಡಕ್ಷರಪ್ಪನಿಗೆ ಇದ್ದದ್ದು ಎಂಟೆಕರೆ. ಆದರೆ ಯೋಜನೆಯ ಸುದ್ದಿ ಬಂದ ವಾರದೊಳಗೆ ಕಾಗದದ ಮೇಲೆ ಅವನೂ ಅವನ ಹೆಂಡತಿಯೂ ತಲಾ ನಾಲ್ಕೆಕರೆಯ ಸಣ್ಣ ರೈತರಾಗಿಬಿಟ್ಟಿದ್ದರು. ಮಣ್ಣನ್ನು ಮಾತ್ರ ಒಂದೇ ಗುಂಡಿಯಿಂದ ತೆಗೆದು ಎರಡು ಚೀಲಕ್ಕೆ ತುಂಬಿದ್ದ.

ಇನ್ನು ರುದ್ರೇಶ. ಒಂದೂಕಾಲು ಎಕರೆ, ಅದೂ ಚಾನಲಿನ ಕೊಟ್ಟಕೊನೆಯ ಗದ್ದೆ. ತೂಬಿನ ಪಕ್ಕದ್ದು ಷಡಕ್ಷರಪ್ಪನದು. ಅವನ ಗದ್ದೆ ಕುಡಿದು, ಕೆಂಚಪ್ಪನದು ಕುಡಿದು, ಸಣ್ಣಮ್ಮನದು ಬಾಯಿ ಒರೆಸಿಕೊಂಡ ಮೇಲೆ ರುದ್ರೇಶನ ಗದ್ದೆಗೆ ನೀರಿನ ವಾಸನೆ ಬರುತ್ತಿತ್ತು. ಸಸಿಮಡಿಗೆ ಇಪ್ಪತ್ತೈದು ದಿನ ತುಂಬಿತ್ತು. ಇನ್ನೊಂದು ವಾರದಲ್ಲಿ ನಾಟಿ ಆಗದಿದ್ದರೆ ಸಸಿ ಬಲಿತು ಎಮ್ಮೆಗೆ ಹುಲ್ಲಾಗುವುದೊಂದೇ ದಾರಿ.

ಸೋಮವಾರ ಸಂಜೆ ಷಡಕ್ಷರಪ್ಪ ತನ್ನ ಜಗಲಿಯ ಮೇಲೆ ಕೂತು ಕರೆದ.

“ರುದ್ರೇಶ, ಬಾ ಇಲ್ಲಿ. ನಾಳೆ ನೀನು ಮಣ್ಣು ಕೊಡಕ್ಕೆ ಹೋಗ್ತಿಯಂತೆ?”

“ಹೂಂ ಷಡಕ್ಷರಣ್ಣ.”

“ಹೆಂಗೂ ಹೋಗ್ತಿಯ. ನಮ್ದೂ ತಗಂಡು ಹೋಗು. ಓಣೀದೆಲ್ಲ ಸೇರಿ ಒಂಬತ್ತು ಚೀಲ, ನಿಂದೊಂದು. ಹತ್ತು. ನಿಂಗೇನು ಭಾರ?”

ರುದ್ರೇಶ ಆಗಲೇ ಒಂದು ಬುದ್ಧಿವಂತಿಕೆ ಮಾಡಿದ. ಜೀವಮಾನದಲ್ಲಿ ಅವನು ಮಾಡಿದ ಬುದ್ಧಿವಂತಿಕೆ ಅದೊಂದೇ. “ಒಯ್ತೀನಿ ಅಣ್ಣ. ಆದ್ರೆ ಬರೋ ಸೋಮವಾರ ತೂಬು ನಂಗೆ ಬಿಡ್ಬೇಕು. ಎರಡು ದಿನ ಪೂರ್ತಿ ನೀರು.”

ಷಡಕ್ಷರಪ್ಪ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದ. “ಹತ್ತು ಚೀಲಾನೂ ಟೈಮಿಗೆ ಮುಟ್ಸಿ ರಸೀತಿ ತಂದು ಕೊಟ್ರೆ ಬಿಡ್ತೀನಿ. ಒಂದು ಚೀಲ ಕಮ್ಮಿ ಆದ್ರೂ ನೀರಿಲ್ಲ, ನೋಡು. ನನ್ ಮಾತು ಅಂದ್ರೆ ಮಾತು.”

ಬೆಳಿಗ್ಗೆ ರುದ್ರೇಶನ ಮನೆ ಬಾಗಿಲಿಗೆ ಚೀಲಗಳ ಮೆರವಣಿಗೆ ಬಂತು. ಷಡಕ್ಷರಪ್ಪನದು ಬಟ್ಟೆ ಅಂಗಡಿಯ ಹಳದಿ ಚೀಲ. ಕೆಂಚಪ್ಪ ಮಗನ ಹಳೇ ಚಡ್ಡಿಯ ಒಂದು ಕಾಲು ಹೊಲಿದು ಚೀಲ ಮಾಡಿದ್ದ. ಸಣ್ಣಮ್ಮ ಯಾರದೋ ಮದುವೆಯಲ್ಲಿ ಬಂದ ರವಿಕೆ ಕಣದಲ್ಲಿ ಮಣ್ಣನ್ನು ಎಷ್ಟು ಚಂದ ಕಟ್ಟಿದ್ದಳೆಂದರೆ ಅರಿಶಿನ ಕುಂಕುಮ ಇಟ್ಟು ಮಡಿಲಿಗೆ ಹಾಕುವಂತಿತ್ತು.

“ತಮ್ಮಾ, ಹೆಂಗೂ ಹೋಗ್ತಿಯಲ್ಲ,” ಅಂದಳು ಸಣ್ಣಮ್ಮ, “ಗಾಂಧಿ ಬಜಾರಲ್ಲಿ ಎರಡು ಮೀಟರ್ ಲಂಗದ ಬಟ್ಟೆ ತಗಂಬಾ. ಕೆಂಪು. ಬಣ್ಣ ಬಿಡಬಾರ್ದು ಮತ್ತೆ.”

“ನಂಗೊಂದು ಕುಡುಗೋಲಿನ ಹಿಡಿ,” ಅಂದ ಕೆಂಚಪ್ಪ.

“ನಿಂಗೊಂದು ಕತ್ತೆ ಬೇಕಿತ್ತು, ಅಷ್ಟೇ,” ಅಂದಳು ರುದ್ರೇಶನ ಹೆಂಡತಿ ಶಾಮಲಾ ಒಳಗಿನಿಂದ. “ಅದನ್ನೂ ದೇವ್ರು ಕೊಟ್ಟಿದಾನೆ.” ಆಮೇಲೆ ಹೊರಗೆ ಬಂದು ಗಂಡನಿಗೆ ಹೇಳಿದಳು: “ನೋಡ್ರಿ, ಊಟಕ್ಕೆ ವಿನೋಬನಗರದ ದೊಡ್ಡಮ್ಮನ ಮನೆಗೆ ಹೋಗಿ. ಊರಿಗೆ ಬಂದು ಮನೆಗೆ ಬರ್ಲಿಲ್ಲ ಅಂತ ಗೊತ್ತಾದ್ರೆ ವರ್ಷ ಮಾತು ಬಿಡ್ತಾರೆ.”

ರುದ್ರೇಶ ಹತ್ತು ಚೀಲಗಳನ್ನು ಒಂದು ಗೋಣಿಗೆ ತುಂಬಿ, ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಿದ. ಸರ್ಕಾರಿ ಆಫೀಸಿಗೆ ಬಿಳಿ ಅಂಗಿ ಹಾಕಿಕೊಂಡು ಹೋದರೆ ಕುರ್ಚಿ ಕೊಡುತ್ತಾರೆ ಅನ್ನುವುದು ಅವನ ನಂಬಿಕೆ. ಕಂಡಕ್ಟರು ಗೋಣಿಯನ್ನು ಕಾಲಲ್ಲಿ ಒತ್ತಿ ನೋಡಿ, “ಏನ್ರೀ ಇದು, ಅಕ್ಕಿನಾ?” ಅಂದ. “ಮಣ್ಣು,” ಅಂದ ರುದ್ರೇಶ. ಕಂಡಕ್ಟರು ಅವನನ್ನು ಶಿವಮೊಗ್ಗದವರೆಗೂ ಅನುಕಂಪದಿಂದ ನೋಡಿದ.

ಗಾಂಧಿ ಬಜಾರಿನಲ್ಲಿ ಸಣ್ಣಮ್ಮನ ಲಂಗದ ಬಟ್ಟೆಯೇ ಒಂದೂವರೆ ಗಂಟೆ ತಿಂದಿತು. ಮೂರು ಅಂಗಡಿ ಸುತ್ತಿದ. ಮೂರನೆಯ ಅಂಗಡಿಯವನು, “ಬಣ್ಣ ಹೋದ್ರೆ ನನ್ ಮೀಸೆ ಬೋಳಿಸ್ತೀನಿ ಸಾಬ್,” ಅಂದ. ಮಾತಿಗಿಂತ ಪರೀಕ್ಷೆ ಮೇಲು ಎಂದು ರುದ್ರೇಶ ಬಟ್ಟೆಯ ತುದಿಯನ್ನು ನೀರಲ್ಲಿ ಅದ್ದಿ ತನ್ನ ಅಂಗಿಯ ಎದೆಗೇ ಉಜ್ಜಿ ನೋಡಿದ. ಅಂಗಿ ಕೋಳಿ ಕೊಯ್ದಂತಾಯಿತು. ಅಂಗಡಿಯವನಿಗೆ ಮೀಸೆಯೇ ಇರಲಿಲ್ಲ ಅನ್ನುವುದು ಆಗ ಕಣ್ಣಿಗೆ ಬಿತ್ತು. ನಾಲ್ಕನೆಯ ಅಂಗಡಿಯಲ್ಲಿ ಬಟ್ಟೆ ಸಿಕ್ಕಿತು, ಕುಡುಗೋಲಿನ ಹಿಡಿ ಸಿಕ್ಕಿತು, ಗೋಣಿ ಹೊತ್ತು ಕ್ಯಾಂಪಿಗೆ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಬೋರ್ಡು ನೇತಾಡುತ್ತಿತ್ತು: ‘ಊಟದ ವಿರಾಮ. ಮೂರು ಗಂಟೆಗೆ.’

ಸರಿ, ಹೆಂಡತಿ ಹೇಳಿದ್ದಾಳಲ್ಲ ಅಂತ ವಿನೋಬನಗರಕ್ಕೆ ನಡೆದ.

ಶಾಮಲಾಳ ದೊಡ್ಡಮ್ಮ ಸುಭದ್ರಮ್ಮನಿಗೆ ಅರವತ್ತೈದು ವರ್ಷ. ಗಂಡ ಮೇಷ್ಟರಾಗಿದ್ದು ತೀರಿಕೊಂಡಿದ್ದರು. ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದರೂ ಅವರ ಜೀವವೆಲ್ಲ ಹಿತ್ತಲಿನ ಕುಂಡಗಳಲ್ಲಿ. ಹಳ್ಳಿಯಲ್ಲಿ ಹುಟ್ಟಿ ಬೆಳೆದು ಬಡಾವಣೆಗೆ ಬಂದವರು. ಅಲ್ಲಿನ ಜಲ್ಲಿ ಸುಣ್ಣದ ಮಣ್ಣಿನಲ್ಲಿ ಕರಿಬೇವು ಕೂಡ ಮುನಿಸಿಕೊಂಡು ನಿಂತಿತ್ತು. ಆ ಕಾಲದಲ್ಲಿ ಪೇಟೆಯಲ್ಲಿದ್ದವರು ಹಳ್ಳಿಯ ನೆಂಟರನ್ನು ಕೇಳುತ್ತಿದ್ದದ್ದು ಎರಡೇ. ಒಂದು ಹೊಸ ಅಕ್ಕಿ, ಇನ್ನೊಂದು ಕುಂಡಕ್ಕೆ ಗದ್ದೆ ಮಣ್ಣು. ಅಕ್ಕಿ ಬರುತ್ತಿತ್ತು, ಮಣ್ಣು ಬರುತ್ತಿರಲಿಲ್ಲ. ಮಣ್ಣು ಹೊರುವುದು ಯಾವ ನೆಂಟನಿಗೂ ಮರ್ಯಾದೆಯಾಗಿ ಕಾಣುತ್ತಿರಲಿಲ್ಲ.

ಬಾಗಿಲಲ್ಲಿ ನಿಂತ ರುದ್ರೇಶನ ಕೈಯಿಂದ ಸುಭದ್ರಮ್ಮ ಗೋಣಿ ತೆಗೆದುಕೊಂಡರು. ಬಂದವರ ಕೈಯ ಗಂಟು ಒಳಗಿಟ್ಟು ಕಾಲಿಗೆ ನೀರು ಕೊಡುವುದು ಪದ್ಧತಿ.

“ಬನ್ನಿ ಬನ್ನಿ ಅಳಿಯಂದ್ರೆ. ಇದೇನು ಅಂಗಿ ಮೇಲೆ? ಏಟು ಬಿತ್ತಾ?”

“ಲಂಗದ ಬಣ್ಣ ಅತ್ತೆ.”

ಅತ್ತೆ ಮುಂದೆ ಏನೂ ಕೇಳಲಿಲ್ಲ. ದೊಡ್ಡ ಮನಸ್ಸಿನವರು.

ರುದ್ರೇಶ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬರುವಷ್ಟರಲ್ಲಿ ಎಲೆ ಹಾಕಿತ್ತು. ಒತ್ತು ಶಾವಿಗೆ, ಮೇಲೆ ಕಾಯಿಹಾಲು. “ಇನ್ನೊಂದೇ ಒಂದು, ಅಳಿಯಂದ್ರೆ” ಅನ್ನುವುದನ್ನು ಅತ್ತೆ ಐದು ಸಲ ಅಂದರು. ಕಾಯಿಹಾಲು ಕುಡಿದ ಮನುಷ್ಯ ಕಣ್ಣು ತೆರೆದುಕೊಂಡಿರುವುದು ಸಾಧ್ಯವಿಲ್ಲ. ಚಾಪೆಯ ಮೇಲೆ ಐದು ನಿಮಿಷ ಬೆನ್ನು ಹಾಕುತ್ತೇನೆಂದ ರುದ್ರೇಶ ಕಣ್ಣು ಬಿಟ್ಟಾಗ ಗೋಡೆ ಗಡಿಯಾರ ಎರಡೂವರೆ ಹೊಡೆಯುತ್ತಿತ್ತು.

ಗೋಣಿ ಇಟ್ಟ ಜಾಗದಲ್ಲಿ ಗೋಣಿ ಇತ್ತು. ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು.

ಹಿತ್ತಲಿಗೆ ಓಡಿದ. ಸುಭದ್ರಮ್ಮ ಸೆರಗು ಸಿಕ್ಕಿಸಿಕೊಂಡು, ಮೊಣಕೈವರೆಗೆ ಮಣ್ಣು ಮಾಡಿಕೊಂಡು, ಹದಿನಾರರ ಹುಡುಗಿಯ ಹಾಗೆ ಮಿಂಚುತ್ತಿದ್ದರು. ಎದುರಿಗೆ ಸಾಲಾಗಿ ಕುಂಡಗಳು, ಡಾಲ್ಡಾ ಡಬ್ಬಗಳು, ಒಡೆದ ಬಕೆಟ್ಟು. ಎಲ್ಲ ತುಂಬಿ ತುಳುಕುತ್ತಿದ್ದವು.

“ಅತ್ತೆ... ಆ ಮಣ್ಣು...”

“ಏನು ಮಣ್ಣು ಅಳಿಯಂದ್ರೆ! ಬೆಣ್ಣೆ! ನಾಲ್ಕು ವರ್ಷದಿಂದ ಕೇಳ್ತಿದೀನಿ. ಮೂರು ಜನ ಅಳಿಯಂದ್ರಲ್ಲಿ ಒಬ್ಬರಿಗೂ ನೆನಪಾಗ್ಲಿಲ್ಲ. ಒಬ್ಬರು ಸೀರೆ ತರ್ತಾರೆ, ಒಬ್ಬರು ಸ್ವೀಟ್ ತರ್ತಾರೆ. ಮಣ್ಣು ತಂದೋರು ನೀವೊಬ್ರೇ.” ಅವರ ಕಣ್ಣು ಒದ್ದೆಯಾಗಿತ್ತು. “ಅದೂ ಓಣಿಯವ್ರೆಲ್ಲ ಒಂದೊಂದು ಗಂಟು ಕಟ್ಟಿ, ಒಳಗೆ ಹೆಸರು ಬರ್ದು ಕಳಿಸಿದಾರೆ! ಷಡಕ್ಷರಪ್ಪ ಅಂತೆ, ಸಣ್ಣಮ್ಮ ಅಂತೆ. ನನ್ನ ಮುಖ ಕಂಡಿಲ್ಲ, ಎಷ್ಟು ಪ್ರೀತಿ ನೋಡಿ. ನಿಮ್ಮ ಮಾವ ಇದ್ದಿದ್ರೆ ಒಂದೊಂದು ಕಾರ್ಡು ಬರ್ಸಿ ಹಾಕ್ತಿದ್ದೆ.”

ಆ ಮುಖ ನೋಡಿ ನಿಜ ಹೇಳುವ ಗಂಡಸು ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ.

“ಎಲ್ಲ... ಕಲೆಸಿಬಿಟ್ರಾ ಅತ್ತೆ?”

“ಒಂಬತ್ತು ಗಂಟು ಸಗಣಿ ಗೊಬ್ಬರದ ಜೊತೆ ಕಲೆಸಿದೆ. ನಿಮ್ದು ಮಾತ್ರ ಬೇರೆ ಇಟ್ಟೆ. ಅಳಿಯಂದ್ರ ಸ್ವಂತ ಗದ್ದೆ ಮಣ್ಣು, ಅಲ್ವಾ? ಅದನ್ನ ದುಂಡುಮಲ್ಲಿಗೆಗೆ ಹಾಕಿ ಎರಡು ಚೊಂಬು ನೀರು ಹುಯ್ದಿದೀನಿ. ಪಾಪ, ಬಿಸಿಲಲ್ಲಿ ಬಂದು ಬಾಯಾರಿತ್ತು ಮಣ್ಣು.”

ರುದ್ರೇಶನ ಕಣ್ಣೆದುರು ಷಡಕ್ಷರಪ್ಪ ತೂಬಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಂತೆ ಕಂಡಿತು. ಒಂದು ಚೀಲ ಕಮ್ಮಿಯಾದರೂ ನೀರಿಲ್ಲ ಅಂದಿದ್ದ. ಇಲ್ಲಿ ಹತ್ತಕ್ಕೆ ಹತ್ತೂ ಮಾಯ.

“ಅತ್ತೆ, ಚೀಲ ಮತ್ತೆ ಚೀಟಿ ವಾಪಸ್ ಬೇಕಿತ್ತು.”

“ಇಟ್ಟಿದೀನಿ ಅಳಿಯಂದ್ರೆ. ಹೆಸರು ಬರ್ದಿದ್ದು ಎಸೀತಾರಾ?” ದೇವರ ಗೂಡಿನಿಂದ ಹತ್ತೂ ಚೀಟಿ ತಂದುಕೊಟ್ಟರು. ಚೀಲಗಳು ನೀಟಾಗಿ ಮಡಚಿದ್ದವು.

ಗೋಣಿ ಬಗಲಿಗೇರಿಸಿ ರುದ್ರೇಶ ಬೀದಿಗೆ ಬಂದ. ಎದುರಿಗೇ ಒಂದು ಹೊಸ ಮನೆಗೆ ಪಾಯ ತೆಗೆದು ಮಣ್ಣಿನ ಗುಡ್ಡೆ ಹಾಕಿದ್ದರು. ಕೆಲಸದವರು ಊಟಕ್ಕೆ ಹೋಗಿದ್ದರು. ಅವನು ಆಕಡೆ ಈಕಡೆ ನೋಡಿದ. ಮಣ್ಣು ಅಂದರೆ ಮಣ್ಣು. ವಿನೋಬನಗರದ್ದಾದರೇನು, ಓಲ್ಡ್ ಟೌನಿನದಾದರೇನು? ಸರ್ಕಾರ ಮಣ್ಣಿನ ನಾಲಿಗೆ ಹಿಡಿದು ನಿನ್ನೂರು ಯಾವುದು ಅಂತ ಕೇಳುತ್ತದೆಯೇ?

ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಷಡಕ್ಷರಪ್ಪನ ಹಳದಿ ಚೀಲ ತುಂಬಿದ. ಚೀಟಿ ಇಟ್ಟ. ಗಂಟು ಕಟ್ಟಿದ. ಷಡಕ್ಷರಪ್ಪನ ಹೆಂಡತಿಯದು. ಕೆಂಚಪ್ಪನ ಚಡ್ಡಿ. ಸಣ್ಣಮ್ಮನ ರವಿಕೆ ಕಣ ಕಟ್ಟುತ್ತಿದ್ದಾಗ ತಲೆಯ ಮೇಲೆ ಸಿಡಿಲು ಬಿತ್ತು.

“ಯಾರ್ರೀ ಅದು!”

ಆ ಸೈಟಿನ ಯಜಮಾನಿ ಸತ್ಯಭಾಮಾ ಛತ್ರಿ ಹಿಡಿದು ನಿಂತಿದ್ದಳು. ಅವಳಿಗೆ ಕಂಡದ್ದೇನು ಹೇಳಿ? ತನ್ನ ಮನೆಯ ಪಾಯದಲ್ಲಿ ಎದೆ ತುಂಬ ಕೆಂಪು ಬಳಿದುಕೊಂಡ ಗಂಡಸೊಬ್ಬ ಕೂತು, ಹೆಸರು ಬರೆದ ಚೀಟಿ ಇಟ್ಟು, ರವಿಕೆ ಕಣದಲ್ಲಿ ಮಣ್ಣು ಗಂಟು ಕಟ್ಟುತ್ತಿದ್ದಾನೆ.

“ಮಾಟ! ನಂಗೊತ್ತು, ಇದು ನಮ್ ಮೈದುನಂದೇ ಕೆಲಸ! ಸೈಟು ಸಿಗ್ಲಿಲ್ಲ ಅಂತ ಮಾಟ ಮಾಡ್ಸಕ್ಕೆ ಕಳಿಸಿದಾನೆ!”

“ಇಲ್ಲಮ್ಮಾ, ನಾನು ರೈತ...”

ಅವಳು ಕಟ್ಟಿಟ್ಟ ಒಂದು ಗಂಟು ಬಿಚ್ಚಿ, ಚೀಟಿ ತೆಗೆದು ಓದಿದಳು. “ಕೆಂಚಪ್ಪ. ಸರ್ವೆ ನಂಬರ್ ನಲವತ್ತೆರಡು. ಅಯ್ಯೋ ಶಿವನೇ! ಸರ್ವೆ ನಂಬರ್ ಸಮೇತ! ನಮ್ ಸೈಟಿಗೆ ಇಷ್ಟು ಜನ ಪಾಲುದಾರ್ರಾ? ಯಾರ್ರೀ ಈ ಕೆಂಚಪ್ಪ? ಕೋರ್ಟಿಗೆ ಹೋಗ್ಲಿ ನೋಡೋಣ!”

ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಒಬ್ಬರು ಪೊಲೀಸರಿಗೆ ಹೇಳಿ ಅಂದರು, ಇನ್ನೊಬ್ಬರು ಗಂಟಿನೊಳಗೆ ನಿಂಬೆಹಣ್ಣು ಇದೆಯಾ ನೋಡಿ ಅಂದರು. ರುದ್ರೇಶ ಬೆವರಿದ ಬೆವರಿಗೆ ಅಂಗಿಯ ಕೆಂಪು ಹೊಟ್ಟೆಯವರೆಗೆ ಇಳಿಯಿತು. ಅಷ್ಟರಲ್ಲಿ ಗೇಟು ತೆರೆದು ಸುಭದ್ರಮ್ಮ ಬಂದರು.

“ಸತ್ಯಭಾಮಾ, ಬಾಯಿಗೆ ಬಂದಂಗೆ ಅನ್ಬೇಡ ಮಾರಾಯ್ತಿ. ಅವ್ರು ನಮ್ಮ ಅಳಿಯಂದ್ರು.”

“ಅಳಿಯಂದ್ರಾದ್ರೆ ನಮ್ ಪಾಯದ ಮಣ್ಣು ಯಾಕೆ ಕಟ್ತಾರೆ?”

ರುದ್ರೇಶ ಮುಗಿಯಿತು ಎಂದುಕೊಂಡ. ಆದರೆ ಸುಭದ್ರಮ್ಮ ಗಂಟುಗಳನ್ನು ನೋಡಿದರು, ಅಳಿಯನನ್ನು ನೋಡಿದರು, ಮತ್ತು ತಮಗೆ ತಾವೇ ಎಲ್ಲ ಅರ್ಥ ಮಾಡಿಕೊಂಡುಬಿಟ್ಟರು.

“ಅಯ್ಯೋ, ತಿಳೀಲಿಲ್ವಾ? ಅವರೂರಿನೋರು ನಂಗೆ ಚೀಲದ ತುಂಬ ಮಣ್ಣು ಕಳಿಸಿದ್ರು. ಕೊಟ್ಟೋರ ಚೀಲ ಖಾಲಿ ವಾಪಸ್ ಕಳಿಸ್ಬಾರ್ದು ಅಂತ ಅಳಿಯಂದ್ರು ನಮ್ಮೂರ ಮಣ್ಣು ತುಂಬ್ತಿದಾರೆ. ನಂಗೇ ಹೊಳೀಲಿಲ್ಲ ನೋಡು. ಎಂಥ ಸಂಸ್ಕಾರ!”

ಸಕ್ಕರೆ ಸಾಲ ತಂದ ಲೋಟವನ್ನು ಯಾರೂ ಖಾಲಿ ಹಿಂತಿರುಗಿಸದ ಕಾಲ ಅದು. ನಾಲ್ಕು ಕಾಳು ಸಕ್ಕರೆ, ಒಂದು ಹೂವು, ಏನಾದರೊಂದು ಹಾಕಿಯೇ ಕೊಡುತ್ತಿದ್ದರು. ಸತ್ಯಭಾಮಾ ಕರಗಿಹೋದಳು. ತಾನೇ ಸಲಿಕೆ ತಂದಳು. “ತಪ್ಪು ತಿಳ್ಕೋಬೇಡಿ ಅಣ್ಣ. ಮೇಲಿಂದು ಬೇಡ, ಜಲ್ಲಿ ಇದೆ. ಅಡೀದು ತೆಗೆದು ಕೊಡ್ತೀನಿ, ಒಳ್ಳೇ ಮಣ್ಣು. ಕೆಂಚಪ್ಪನೋರಿಗೆ ಸ್ವಲ್ಪ ಜಾಸ್ತೀನೇ ಹಾಕಿ, ಪಾಪ, ಸುಮ್ನೆ ಬೈದೆ.”

ಒಂಬತ್ತು ಚೀಲ ತುಂಬಿದವು. ಹತ್ತನೆಯದು ತನ್ನದು. ಅದರ ಬಾಯಿ ಬಿಚ್ಚಿ ಹಿಡಿದವನ ಕೈ ನಿಂತಿತು.

ಒಳಗೊಂದು ಸಣ್ಣ ಸ್ವಾರ್ಥ ಎದ್ದಿತು. ಉಳಿದವರಿಗೆ ಯಾವ ಮಣ್ಣಾದರೇನು? ಆದರೆ ತನ್ನ ಕಾರ್ಡು ನಿಜದ್ದೇ ಆಗಿರಲಿ. ತನ್ನ ಗದ್ದೆಗೆ ಏನು ಕೊರತೆ ಅಂತ ತನಗಾದರೂ ಗೊತ್ತಾಗಲಿ. ಆ ಮಣ್ಣು ಇಲ್ಲೇ ಇದೆ, ಬೇರೆಯಾಗಿಯೇ ಇದೆ, ಮಲ್ಲಿಗೆ ಕುಂಡದಲ್ಲಿ.

ಸುಭದ್ರಮ್ಮ ಕಾಫಿಗೆ ಹಾಲಿಡಲು ಒಳಗೆ ಹೋದರು. ರುದ್ರೇಶ ಒಂದು ಬೊಗಸೆ ಪಾಯದ ಮಣ್ಣು ಹಿಡಿದು ಹಿತ್ತಲಿಗೆ ನುಗ್ಗಿ, ಮಲ್ಲಿಗೆಯ ಬುಡದಿಂದ ತನ್ನ ಮಣ್ಣನ್ನು ಬಗೆದು ಚೀಲಕ್ಕೆ ಹಾಕಿಕೊಂಡು, ಗುಂಡಿಗೆ ಪಾಯದ ಮಣ್ಣು ತುಂಬಿ ಮೇಲೆ ಸವರಿದ. ಚೀಲದಿಂದ ತೊಟತೊಟ ನೀರು ಇಳಿಯುತ್ತಿತ್ತು. ಇರಲಿ, ದಾರಿಯಲ್ಲಿ ಒಣಗುತ್ತದೆ ಅಂದುಕೊಂಡ.

ಕ್ಯಾಂಪಿಗೆ ಮುಟ್ಟಿದಾಗ ನಾಲ್ಕೂ ಮುಕ್ಕಾಲು. ಕೋಣೆಯ ನಾಲ್ಕೂ ಗೋಡೆಗೆ ಒತ್ತಿ ಮಣ್ಣಿನ ಚೀಲಗಳು ಸೂರಿನವರೆಗೆ ಏರಿದ್ದವು. ನಡುವೆ ಪರಮೇಶ್ ಅನ್ನುವ ಅಧಿಕಾರಿ, ಮೂರು ದಿನದಿಂದ ಮಣ್ಣಿನಲ್ಲೇ ಹೂತಿಟ್ಟವರ ಹಾಗೆ, ಹುಬ್ಬಿನ ಮೇಲೂ ಧೂಳು ಮಾಡಿಕೊಂಡು ಕೂತಿದ್ದರು. ಬಿಳಿ ಅಂಗಿ ನೋಡಿಯೂ ಕುರ್ಚಿ ಕೊಡಲಿಲ್ಲ. ಅಷ್ಟಕ್ಕೂ ಅದು ಬಿಳಿ ಉಳಿದಿರಲಿಲ್ಲ.

ಅವರು ಒಂದೊಂದೇ ಚೀಲ ಬಿಚ್ಚಿದರು. ನಾಲ್ಕು ನೋಡಿ ತಲೆಯೆತ್ತಿದರು.

“ಏನ್ರೀ, ಎಲ್ಲ ಒಂದೇ ಥರ ಇದೆ?”

ರುದ್ರೇಶ ಖಾಲಿ ಗೋಣಿಯನ್ನು ಮಡಚತೊಡಗಿದ. “ಅಕ್ಕಪಕ್ಕದ ಗದ್ದೆ ಸಾರ್. ಒಂದೇ ಚಾ‌ನಲ್ ನೀರು.”

“ಇದರಲ್ಲಿ ಸಿಮೆಂಟ್ ಚೂರು?”

“ಚಾನಲ್ ದಂಡೆ ಒಡೆದಿದೆ ಸಾರ್. ಬಿಲ್ ಮಾತ್ರ ಪೂರ್ತಿ ಆಗಿದೆ.”

ಇದು ಪರಮೇಶ್ ಅವರಿಗೆ ತಕ್ಷಣ ನಂಬಿಕೆಯಾಯಿತು. ಮುಂದಿನ ಚೀಲ ಎತ್ತಿದರು. ಕೈ ಒದ್ದೆಯಾಯಿತು. “ಥೂ, ಇದ್ಯಾರದು?”

“ನಂದೇ ಸಾರ್.”

“ನಿಮ್ ಗದ್ದೇಲಿ ಇಷ್ಟೊಂದು ನೀರು ನಿಲ್ಲುತ್ತಾ? ಬೇರೆಯವ್ರದೆಲ್ಲ ಒಣಗಿದೆ!”

ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷ. ಕೆದಕಿದರೆ ಎಲ್ಲ ಬಯಲಾಗುತ್ತದೆ. ರುದ್ರೇಶ ಗಟ್ಟಿಯಾಗಿ ತಲೆಯಾಡಿಸಿದ. “ಹೂಂ ಸಾರ್. ನಮ್ ಗದ್ದೇಲಿ ನೀರಿಗೇನು ಬರ ಇಲ್ಲ.”

“ಅದೃಷ್ಟವಂತರು,” ಅಂದರು ಪರಮೇಶ್, ಕೆಂಪು ಪೆನ್ನು ತೆಗೆದು ಏನೋ ಬರೆದುಕೊಂಡರು. ಹತ್ತು ರಸೀತಿ ಹರಿದು ಕೊಟ್ಟರು.

ಆ ವಾರವಿಡೀ ರುದ್ರೇಶನಿಗೆ ಒಂದೇ ಯೋಚನೆ. ಒಂಬತ್ತು ಕಾರ್ಡೂ ಅಚ್ಚು ಹೊಡೆದಂತೆ ಒಂದೇ ಥರ ಬಂದರೆ? ಓಣಿಯವರು ದಡ್ಡರಲ್ಲ. ಅವನು ಕಾರ್ಡು ಬರುವುದು ತಡವಾಗಲಿ ಅಂತ ದೇವರಿಗೆ ಕೈಮುಗಿದ. ಸರ್ಕಾರದ ಕೆಲಸ ತಡವಾಗಲಿ ಅಂತ ಕೈಮುಗಿದ ಮೊದಲ ರೈತ ಅವನೇ ಇರಬೇಕು. ಅದಕ್ಕೇ ಇರಬೇಕು, ಶನಿವಾರವೇ ಕಾರ್ಡು ಬಂದವು.

ಭಾನುವಾರ ಷಡಕ್ಷರಪ್ಪನ ಜಗಲಿಯ ಮೇಲೆ ಓಣಿ ಸೇರಿತು. ಅವನು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದ. ರುದ್ರೇಶ ಕಂಬದ ಹಿಂದೆ ಕಣ್ಣು ಮುಚ್ಚಿಕೊಂಡು ನಿಂತ.

“ಕೆಂಚಪ್ಪ. ಸತು ಬಹಳ ಕಡಿಮೆ. ಸುಣ್ಣ ಹಾಕುವುದು.”

“ಸಣ್ಣಮ್ಮ. ಸತು ಸಾಕಷ್ಟಿದೆ. ಸುಣ್ಣ ಹಾಕಕೂಡದು.”

ರುದ್ರೇಶ ಕಣ್ಣು ಬಿಟ್ಟ. ಷಡಕ್ಷರಪ್ಪ ಓದುತ್ತಲೇ ಇದ್ದ. ಒಂದರಲ್ಲಿ ಹುಳಿ ಜಾಸ್ತಿ, ಒಂದರಲ್ಲಿ ಕಡಿಮೆ. ಒಂದು ಭತ್ತಕ್ಕೆ ಶ್ರೇಷ್ಠ, ಇನ್ನೊಂದು ಕಬ್ಬಿಗೆ ಮಾತ್ರ ಯೋಗ್ಯ. ಒಂದೇ ಗುಡ್ಡೆಯ, ಒಂದೇ ಸಲಿಕೆಯ ಒಂಬತ್ತು ಚೀಲ ಮಣ್ಣಿಗೆ ಒಂಬತ್ತು ಜಾತಕ! ಸಣ್ಣಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದಳು.

“ನೋಡ್ದ್ಯಾ ಕೆಂಚಪ್ಪ? ಬದು ಒಂದೇ ಆದ್ರೂ ಮಣ್ಣು ಒಂದೇ ಅಲ್ಲ. ನಾನು ಇಷ್ಟು ವರ್ಷದಿಂದ ಹೇಳ್ತಿರ್ಲಿಲ್ವಾ?”

ರುದ್ರೇಶನಿಗೆ ಕುಣಿಯಬೇಕು ಅನ್ನಿಸಿತು. ಕಂಬದಿಂದ ಈಚೆ ಬಂದ.

“ಷಡಕ್ಷರಣ್ಣ, ಹಂಗಾದ್ರೆ ನಾಳೆ ಬೆಳಿಗ್ಗೆ ತೂಬು...”

“ತಡಿಯೋ, ನಿಂದೊಂದು ಉಳಿದಿದೆ.” ಷಡಕ್ಷರಪ್ಪ ಕಾರ್ಡನ್ನು ಹತ್ತಿರ ಹಿಡಿದ. “ಅರೆ, ಕೆಂಪು ಶಾಯೀಲಿ ಬರ್ದಿದಾರೆ! ‘ಈ ಗದ್ದೆಯಲ್ಲಿ ನೀರು ವಿಪರೀತ. ರೈತರ ಹೇಳಿಕೆಯಿಂದಲೂ ದೃಢಪಟ್ಟಿದೆ. ಮೂರು ವಾರ ನೀರು ಹಾಯಿಸಕೂಡದು.’ ಮತ್ತೆ ನಂದು ನೋಡಿ ಇಲ್ಲಿ. ‘ಮಣ್ಣು ಒಣಗಿದೆ. ನೀರು ಹೆಚ್ಚಿಸುವುದು.’”

ಎಲ್ಲರೂ ರುದ್ರೇಶನ ಕಡೆ ತಿರುಗಿದರು.

“ಅಂದ್ರೆ...” ಅಂದ ರುದ್ರೇಶ.

“ನಾನು ಮಾತಿಗೆ ತಪ್ಪೋನಲ್ಲ ರುದ್ರೇಶ. ಆದ್ರೆ ನಿನ್ ಗದ್ದೆ ಹಾಳು ಮಾಡಿದ ಪಾಪ ನಂಗ್ಯಾಕೆ? ಇಷ್ಟು ದಿನ ನೀರಿಲ್ಲ ನೀರಿಲ್ಲ ಅಂತ ಅಳ್ತಿದ್ದೆ. ಒಳಗೊಳಗೇ ಕುಡ್ಕಂಡು ಕೂತಿದೆಯಲ್ಲೋ ನಿನ್ ಗದ್ದೆ!”

ರುದ್ರೇಶನ ಕಣ್ಣ ಮುಂದೆ ಎಮ್ಮೆ ಸಸಿ ಮೇಯುತ್ತಿತ್ತು. ಇನ್ನು ಉಳಿದದ್ದು ಒಂದೇ ದಾರಿ, ಮರ್ಯಾದೆ ಹೋದರೂ ಚಿಂತೆಯಿಲ್ಲ. ನಿಜ ಹೇಳಿಬಿಟ್ಟ. ಶಾವಿಗೆ ಹೇಳಿದ, ಕಾಯಿಹಾಲು ಹೇಳಿದ, ಕುಂಡ ಹೇಳಿದ, ಪಾಯದ ಗುಡ್ಡೆ ಹೇಳಿದ. “ನಿಮ್ಮೆಲ್ಲರದೂ ಒಂದೇ ಮಣ್ಣು, ವಿನೋಬನಗರದ್ದು. ತಪ್ಪಾಯ್ತು, ಹೊಡೀರಿ ಬೇಕಾದ್ರೆ. ನೀರು ಮಾತ್ರ ಬಿಡಿ!”

ಮೊದಲು ಕೆಂಚಪ್ಪ ನಕ್ಕ.

“ಲೇ, ಸುಳ್ಳು ಹೇಳಿದ್ರೂ ಹೊಂದಂಗೆ ಹೇಳೋ ಮಾರಾಯ. ಒಂದೇ ಮಣ್ಣಾಗಿದ್ರೆ ಒಂಬತ್ತು ಕಾರ್ಡೂ ಬೇರೆಬೇರೆ ಹೆಂಗೆ ಬರುತ್ತೋ? ಸರ್ಕಾರದೋರು ಮಿಷನ್ನಲ್ಲಿ ಹಾಕಿ ನೋಡ್ತಾರೆ, ನಿನ್ನಂಗೆ ಕಣ್ಣಲ್ಲಿ ನೋಡ್ತಾರಾ?”

“ಷಡಕ್ಷರಣ್ಣ, ನೀವೇ ಹೇಳಿ!” ರುದ್ರೇಶ ಅಂಗಲಾಚಿದ. “ನಿಮ್ದೂ ಅಕ್ಕಂದೂ ಒಂದೇ ಗುಂಡೀಲಿ ತೆಗೆದಿದ್ದು ತಾನೇ? ಎರಡು ಕಾರ್ಡು ಯಾಕೆ ಬೇರೆ ಬಂತು?”

ಷಡಕ್ಷರಪ್ಪ ಕನ್ನಡಕ ತೆಗೆದು, ಒರೆಸಿ, ಗಂಭೀರವಾಗಿ ಹೇಳಿದ: “ಪಾಲಾಯ್ತಲ್ಲೋ. ಪಾಲಾದ್ಮೇಲೆ ಮಣ್ಣಿನ ಗುಣಾನೂ ಬೇರೆ ಆಗುತ್ತೆ.”

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಸಣ್ಣಮ್ಮ ರುದ್ರೇಶನ ಬೆನ್ನು ಸವರಿ, “ನೀರಿನ ಆಸೆಗೆ ಏನೇನೋ ಅನ್ಬೇಡ ತಮ್ಮಾ. ಮೂರು ವಾರ ತಡಿ. ನಿನ್ ಸಸಿ ಬಲಿತ್ರೆ ನನ್ ಸಸಿಮಡೀಲಿ ಉಳಿದದ್ದು ಕೊಡ್ತೀನಿ, ನಾಟಿಗೂ ನಾನೇ ಬರ್ತೀನಿ,” ಅಂದಳು. ಪುಣ್ಯಾತ್ಗಿತ್ತಿ. ಬೈದರೆ ಒಂದು ನಮೂನೆ ಸಮಾಧಾನವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಚಾನಲ್ ನೀರು ಷಡಕ್ಷರಪ್ಪನ ಗದ್ದೆಗೆ ತಿರುಗಿತು. ರುದ್ರೇಶ ಬದುವಿನ ಮೇಲೆ ಕೂತು ಅದರ ಸದ್ದು ಕೇಳಿಸಿಕೊಂಡು ಮನೆಗೆ ಬಂದ. ಮಧ್ಯಾಹ್ನ ಪೋಸ್ಟ್‌ಮನ್ ಬಂದು ಒಂದು ಕಾರ್ಡು ಕೊಟ್ಟುಹೋದ. ಸುಭದ್ರಮ್ಮ ಮೊಮ್ಮಗಳ ಕೈಯಲ್ಲಿ ಬರೆಸಿದ್ದು. ಶಾಮಲಾ ಗಟ್ಟಿಯಾಗಿ ಓದಿದಳು.

‘ಅಳಿಯಂದಿರಿಗೆ ಆಶೀರ್ವಾದ. ನೀವು ತಂದ ಮಣ್ಣಿಗೆ ದುಂಡುಮಲ್ಲಿಗೆ ಆಗಲೇ ಮೊಗ್ಗು ಬಿಟ್ಟಿದೆ. ದಿನಕ್ಕೆ ಮೂರು ಚೊಂಬು ನೀರು ಹಾಕಿದರೂ ಕುಡಿದು ಇನ್ನೂ ಬೇಕು ಅನ್ನುತ್ತದೆ. ನಿಮ್ಮ ಗದ್ದೆ ಮಣ್ಣು ಬಂಗಾರ. ಬರುವಾಗ ಇನ್ನೊಂದು ಚೀಲ ತನ್ನಿ. ಓಣಿಯವರಿಗೆಲ್ಲ ನಮಸ್ಕಾರ.’

ಶಾಮಲಾ ಕಾರ್ಡನ್ನು ಮೊಳೆಗೆ ಸಿಕ್ಕಿಸಿ, ಗಂಡನ ಪಕ್ಕ ಕೂತಳು. “ಹೋಗ್ಲಿ ಬಿಡ್ರಿ. ಇಲ್ಲಿ ಸಿಗ್ದಿದ್ರೂ ದೊಡ್ಡಮ್ಮನ ಹಿತ್ತಲಲ್ಲಾದ್ರೂ ನಮ್ ಗದ್ದೆ ಮಣ್ಣಿಗೆ ಹೊಟ್ಟೆ ತುಂಬ ನೀರು ಸಿಕ್ತಲ್ಲ.”

ರುದ್ರೇಶ ಮೊಳೆಯ ಮೇಲಿನ ಕಾರ್ಡು ನೋಡಿದ. ಅಲ್ಲಿ ದಿನಕ್ಕೆ ಮೂರು ಚೊಂಬು ನೀರು ಕುಡಿಯುತ್ತಿದ್ದದ್ದೂ ಸತ್ಯಭಾಮಾಳ ಮನೆಯ ಪಾಯದ ಮಣ್ಣೇ.